ಅಡಿಕೆ ತೋಟದ ನೆರಳಲ್ಲಿ ಕೀಟಗಳ ಮ್ಯಾಕ್ರೋ: ಕ್ಯಾಮೆರಾ ಕೈಯಲ್ಲೇ ಹಿಡಿದು ತೆಗೆಯುವ ಕ್ರಮ

ಕಾಸರಗೋಡಿನಲ್ಲಿ ಕೀಟಗಳ ಮ್ಯಾಕ್ರೋ, ಅಂದರೆ ತೀರ ಹತ್ತಿರದಿಂದ ದೊಡ್ಡದಾಗಿ ಕಾಣುವ ಫೋಟೊ, ತೆಗೆಯಲು ದೂರ ಹೋಗಬೇಕಾಗಿಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ತೋಟದ ಬದುವಿನಲ್ಲಾದರೂ, ಗೇರುಮರದ ಚಿಗುರಿನಲ್ಲಾದರೂ, ಅಂಗಳದ ಕೇಪುಳದ ಗಿಡದಲ್ಲಾದರೂ ಅರ್ಧ ಗಂಟೆ ಸುಮ್ಮನೆ ನೋಡಿದರೆ ಸಾಕು. ಜೇನು, ಇರುವೆ, ದುಂಬಿ, ಜೇಡ ಒಂದಾದರೂ ಸಿಗುತ್ತದೆ. ಇಲ್ಲಿ ಕಡಿಮೆ ಇರುವುದು ಬೆಳಕು. ಅಡಿಕೆ ಸೋಗೆಯ ಕೆಳಗೆ ನಡುಮಧ್ಯಾಹ್ನವೂ ಮಬ್ಬು, ಮಳೆಗಾಲದ ನಾಲ್ಕು ತಿಂಗಳು ಮೋಡ. ಹೊಸಬರು ಇದ್ದ ದುಡ್ಡನ್ನೆಲ್ಲ ಲೆನ್ಸಿಗೆ ಸುರಿದು ಫ್ಲ್ಯಾಶನ್ನು ಮುಂದೆ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ಈ ನೆಲದ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ. ಸಾಧಾರಣ ಲೆನ್ಸಿನ ಜೊತೆ ಒಂದು ಸಣ್ಣ ಫ್ಲ್ಯಾಶ್, ಮನೆಯಲ್ಲೇ ಮಾಡಿದ ಒಳ್ಳೆಯ ಡಿಫ್ಯೂಸರ್ (ಫ್ಲ್ಯಾಶ್ ಬೆಳಕನ್ನು ಹರಡಿ ಮೆತ್ತಗಾಗಿಸುವ ಮರೆ) ಇದ್ದರೆ ಬರುವ ಫೋಟೊ, ಬರಿಯ ದುಬಾರಿ ಲೆನ್ಸಿನಿಂದ ಈ ನೆರಳಲ್ಲಿ ಬರುವುದಿಲ್ಲ.

ಯಾವ ಲೆನ್ಸು

ಮೊದಲು ಒಂದು ಅಳತೆ ತಿಳಿದಿರಲಿ. ಕೀಟದ ನಿಜವಾದ ಗಾತ್ರವೂ ಸೆನ್ಸರಿನ ಮೇಲೆ ಬೀಳುವ ಬಿಂಬದ ಗಾತ್ರವೂ ಸಮ ಇದ್ದರೆ ಅದು 1:1. ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಅಗಲ 22ರಿಂದ 24 ಮಿ.ಮೀ. ಸ್ಕೇಲಿನ ಫೋಟೊ ತೆಗೆದಾಗ ಚೌಕಟ್ಟಿನ ತುಂಬ ಅಷ್ಟೇ ಮಿ.ಮೀ. ಕಂಡರೆ ನೀವು 1:1ರಲ್ಲಿದ್ದೀರಿ. 10 ಮಿ.ಮೀ. ಉದ್ದದ ತುಡುವೆ ಜೇನು ಆಗ ಚೌಕಟ್ಟಿನ ಅರ್ಧಕ್ಕೆ ಸ್ವಲ್ಪ ಕಡಿಮೆ ತುಂಬುತ್ತದೆ. ಮುಜಂಟಿ ಜೇನು 3-4 ಮಿ.ಮೀ. ಮಾತ್ರ; ಅದಕ್ಕೆ 2:1, ಅಂದರೆ ನಿಜ ಗಾತ್ರದ ಎರಡು ಪಟ್ಟು ಬಿಂಬ ಬೇಕು. ದೊಡ್ಡ ಚಿಟ್ಟೆಗೂ ಏರೋಪ್ಲೇನ್ ಚಿಟ್ಟೆಗೂ 1:1ರ ಮೂರನೆಯ ಒಂದು ಪಾಲು ಸಾಕು. ಕಲಿಯುವವರು ದೊಡ್ಡದರಿಂದ ಸಣ್ಣದಕ್ಕೆ ಇಳಿಯಬೇಕು. ಮೊದಲ ದಿನವೇ ಮುಜಂಟಿಯ ಕಣ್ಣಿಗೆ ಹೋದರೆ ಬೇಸರ ಬಂದು ಕ್ಯಾಮೆರಾ ಪೆಟ್ಟಿಗೆ ಸೇರುತ್ತದೆ.

ಮನೆಯಲ್ಲಿ 55-250 ಅಥವಾ 70-300ರಂಥ ಜೂಮ್ ಇದ್ದರೆ ಅದರ ಮುಂದೆ ಸಿಕ್ಕಿಸುವ ಕ್ಲೋಸಪ್ ಲೆನ್ಸು ಎಲ್ಲಕ್ಕಿಂತ ಅಗ್ಗದ ಒಳ್ಳೆಯ ದಾರಿ. ರೇನಾಕ್ಸ್ ಡಿಸಿಆರ್-150 ಮತ್ತು ಡಿಸಿಆರ್-250 ಎಂಬ ಎರಡು ಬರುತ್ತವೆ. ಇವುಗಳ ಕ್ಲಿಪ್ 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಯ ಲೆನ್ಸುಗಳಿಗೆ ಕೂರುತ್ತದೆ. 150ರ ಶಕ್ತಿ 4.8 ಡಯಾಪ್ಟರ್, ಅಂದರೆ ಅದರ ಫೋಕಲ್ ಲೆಂತ್ 208 ಮಿ.ಮೀ. 250ರದ್ದು 8 ಡಯಾಪ್ಟರ್, 125 ಮಿ.ಮೀ. ಜೂಮಿನ ಫೋಕಸನ್ನು ಇನ್‌ಫಿನಿಟಿಗಿಟ್ಟು, ಜೂಮಿನ ಮಿ.ಮೀ.ಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂದು ಸಿಗುತ್ತದೆ. 200 ಮಿ.ಮೀ.ಯಲ್ಲಿ 150 ಸಿಕ್ಕಿಸಿದರೆ ಹೆಚ್ಚುಕಡಿಮೆ 1:1. 250 ಮಿ.ಮೀ.ಯಲ್ಲಿ 250 ಸಿಕ್ಕಿಸಿದರೆ 2:1. ಕೀಟಕ್ಕೂ ಲೆನ್ಸಿಗೂ ನಡುವೆ ಉಳಿಯುವ ಜಾಗ 150ರಲ್ಲಿ ಸುಮಾರು 20 ಸೆಂ.ಮೀ., 250ರಲ್ಲಿ ಸುಮಾರು 12 ಸೆಂ.ಮೀ. ಕಲಿಯುವವರಿಗೆ 150 ಮೇಲು: ಕೀಟ ಬೆದರುವುದು ಕಡಿಮೆ, ಕೈ ನಡುಗಿದರೂ ಅಷ್ಟು ಗೊತ್ತಾಗುವುದಿಲ್ಲ. ಜೂಮನ್ನು ತುಂಬ ಹಿಂದೆ ತಂದರೆ ಚೌಕಟ್ಟಿನ ನಾಲ್ಕು ಮೂಲೆ ಕಪ್ಪಾಗುತ್ತವೆ. ಅದು ಲೆನ್ಸಿನ ದೋಷವಲ್ಲ, ಮೂಲೆ ಬೆಳಗುವ ವರೆಗೆ ಜೂಮ್ ಮುಂದೆ ತನ್ನಿ.

50 ಮಿ.ಮೀ. ಲೆನ್ಸು ಮಾತ್ರ ಇದ್ದರೆ ಎಕ್ಸ್‌ಟೆನ್ಶನ್ ಟ್ಯೂಬ್, ಅಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಗಾಜಿಲ್ಲದ ಕೊಳವೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಮಿ.ಮೀ.ಯಿಂದ ಭಾಗಿಸಿ, 36 ಮಿ.ಮೀ. ಟ್ಯೂಬಿಗೆ 0.72 ಪಟ್ಟು. ಒಳಗೆ ಲೋಹದ ಸಂಪರ್ಕ ಬಿಂದುಗಳಿರುವ ಟ್ಯೂಬನ್ನೇ ಕೊಳ್ಳಿ. ಅವಿಲ್ಲದ ಅಗ್ಗದ ಟ್ಯೂಬಿನಲ್ಲಿ ಈಗಿನ ಲೆನ್ಸುಗಳ ಅಪರ್ಚರನ್ನು (ಬೆಳಕು ಒಳಗೆ ಬರುವ ಕಿಂಡಿಯನ್ನು) ಕ್ಯಾಮೆರಾದಿಂದ ಬದಲಿಸಲಾಗದು. ಕಿಂಡಿ ಪೂರ್ತಿ ತೆರೆದೇ ಉಳಿದರೆ ಕೀಟದ ಕಣ್ಣಿನ ಒಂದು ಗೆರೆ ಬಿಟ್ಟು ಉಳಿದದ್ದೆಲ್ಲ ಮಸುಕು.

90ರಿಂದ 105 ಮಿ.ಮೀ.ಯ ಮ್ಯಾಕ್ರೋ ಲೆನ್ಸು ಕೊಳ್ಳುವ ಶಕ್ತಿ ಇದ್ದರೆ ಯಾವ ಕಂಪನಿಯದಾದರೂ ನಡೆಯುತ್ತದೆ. 60 ಮಿ.ಮೀ.ಗಿಂತ ಕಡಿಮೆಯದು ಬೇಡ, 1:1ಕ್ಕೆ ಹೋಗುವಾಗ ಲೆನ್ಸಿನ ಮೂತಿಯೇ ಕೀಟವನ್ನು ತಾಗುವಷ್ಟು ಹತ್ತಿರ ಬರುತ್ತದೆ.

ಮೊಬೈಲಿನಲ್ಲಿ ತೆಗೆಯುವವರು ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾವನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದ ಮೇಲೆ ಒಂದು ಗಟ್ಟಿ ಕ್ಲಿಪ್ ಲೆನ್ಸು ಹಾಕಿದರೆ ಫಲ ಅದಕ್ಕಿಂತ ಎಷ್ಟೋ ಚೆನ್ನ. ಫೋನಿನ ಫ್ಲ್ಯಾಶ್ ಬೇಡ. ಪಕ್ಕದಿಂದ ಎಲ್‌ಇಡಿ ಟಾರ್ಚು ಹಿಡಿದು ಅದರ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿ.

ಫ್ಲ್ಯಾಶ್ ಮತ್ತು ಡಿಫ್ಯೂಸರ್

ಫ್ಲ್ಯಾಶ್ ಎರಡು ಕೆಲಸ ಮಾಡುತ್ತದೆ. ಬೆಳಕು ಕೊಡುವುದು ಒಂದು. ಇನ್ನೊಂದು, ಅದಕ್ಕಿಂತ ದೊಡ್ಡದು, ಚಲನೆಯನ್ನು ನಿಲ್ಲಿಸುವುದು. ಕಡಿಮೆ ಪವರಿನಲ್ಲಿ ಫ್ಲ್ಯಾಶ್ ಮಿಂಚುವ ಕಾಲ ಸೆಕೆಂಡಿನ ಸಾವಿರಾರು ಪಾಲಿನಲ್ಲಿ ಒಂದು; ಅಷ್ಟರೊಳಗೆ ನಿಮ್ಮ ಕೈಯೂ ಕೀಟವೂ ಅಲ್ಲಾಡಲು ಸಮಯವಿಲ್ಲ. ಟ್ರೈಪಾಡ್ ಇಲ್ಲದೆ ತೆಗೆಯಲು ಸಾಧ್ಯವಾಗುವುದೇ ಇದರಿಂದ. ಫ್ಲ್ಯಾಶ್ ಪವರನ್ನು ಫುಲ್ಲಿಗೆ ಏರಿಸಿದರೆ ಮಿಂಚು ಉದ್ದವಾಗುತ್ತದೆ, ನಿಲ್ಲಿಸುವ ಗುಣ ಕಡಿಮೆಯಾಗುತ್ತದೆ, ಇನ್ನೊಮ್ಮೆ ಚಾರ್ಜ್ ಆಗಲು ಕಾಯಬೇಕಾಗುತ್ತದೆ. ಹಾಗಾಗಿ ಫುಲ್ ಪವರಿನ 1/16ರಿಂದ 1/4ರ ಒಳಗೆ ಕೆಲಸ ಮುಗಿಯುವಂತೆ ಬೆಳಕನ್ನು ಕೀಟದ ಹತ್ತಿರ ತರಬೇಕು.

ಗೊಡಾಕ್ಸ್ ಟಿಟಿ350ರಂಥ ಎರಡು ಎಎ ಸೆಲ್ಲಿನ ಪುಟ್ಟ ಫ್ಲ್ಯಾಶ್ ಸಾಕು. ಹಗುರ ಇದ್ದಷ್ಟೂ ಕೈ ಸೋಲುವುದಿಲ್ಲ. ಸೆಲ್ ಮಾತ್ರ ಚಾರ್ಜ್ ಮಾಡುವ ಎನ್‌ಐಎಂಎಚ್ ಆಗಿರಲಿ, ಆಲ್ಕಲೈನ್ ಸೆಲ್ಲಿನಲ್ಲಿ ಫ್ಲ್ಯಾಶ್ ಬೇಗ ನಿಧಾನವಾಗುತ್ತದೆ.

ಬರಿಯ ಫ್ಲ್ಯಾಶ್ ಬೆಳಕು ದುಂಬಿಯ ಬೆನ್ನಿನ ಮೇಲೆ ಬಿಳಿ ಚುಕ್ಕೆಯಾಗಿ ಬಡಿದು ಬಣ್ಣವನ್ನೆಲ್ಲ ತಿಂದುಹಾಕುತ್ತದೆ. ಡಿಫ್ಯೂಸರ್ ಅದಕ್ಕಾಗಿ. ಬೇಕಾದ್ದು: ಒಂದು ಕಪ್ಪು ಚಾರ್ಟ್ ಹಾಳೆ, ಅಡಿಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಟಿವಿ-ಮಿಕ್ಸಿ ಪ್ಯಾಕಿಂಗಿನಲ್ಲಿ ಬರುವ 1-2 ಮಿ.ಮೀ. ದಪ್ಪದ ಬಿಳಿ ಫೋಮ್ ಹಾಳೆ, ಎ4 ಟ್ರೇಸಿಂಗ್ ಪೇಪರ್, ಕಪ್ಪು ಟೇಪ್, ಎರಡು ದಪ್ಪ ರಬ್ಬರ್ ಬ್ಯಾಂಡ್.

ಚಾರ್ಟನ್ನು ಫ್ಲ್ಯಾಶ್ ತಲೆಯಿಂದ ಲೆನ್ಸಿನ ಮೂತಿಯ ತನಕ ಅಗಲವಾಗುತ್ತ ಹೋಗುವ ಕೊಳವೆಯಾಗಿ ಸುತ್ತಿ. ಒಳಗಡೆ ಫಾಯಿಲನ್ನು ಒಮ್ಮೆ ಮುದ್ದೆ ಮಾಡಿ ಬಿಡಿಸಿ ಅಂಟಿಸಿ, ಸುಕ್ಕುಗಳಿಂದ ಬೆಳಕು ಹರಡುತ್ತದೆ. ಫ್ಲ್ಯಾಶ್ ತಲೆಯಿಂದ 3-4 ಸೆಂ.ಮೀ. ಮುಂದೆ ಫೋಮಿನ ಮೊದಲ ಪದರ ಇರಲಿ. ಕೊಳವೆಯ ಬಾಯಿ ಕನಿಷ್ಠ 15 ಸೆಂ.ಮೀ. ಅಗಲ ಇರಬೇಕು; ಅಲ್ಲಿ ಎರಡನೆಯ ಪದರವಾಗಿ ಟ್ರೇಸಿಂಗ್ ಪೇಪರನ್ನು ಲೆನ್ಸಿನ ಮೇಲಿನಿಂದ ಮುಂದಕ್ಕೆ ಬಾಗಿದ ಹಾಗೆ ಕಟ್ಟಿ. ಎರಡೂ ಪದರ ಒಂದಕ್ಕೊಂದು ತಾಗಿದ್ದರೆ ಪ್ರಯೋಜನವಿಲ್ಲ. ನಡುವಿನ ಖಾಲಿ ಜಾಗದಲ್ಲೇ ಬೆಳಕು ಹರಡುವುದು.

ಮಾಡಿದ್ದು ಸರಿಯಾಯಿತೇ ಎಂದು ನೋಡಲು ಸ್ಟೀಲ್ ಚಮಚದ ಬೆನ್ನಿನ ಫೋಟೊ ತೆಗೆಯಿರಿ. ಚಮಚದ ಉಬ್ಬಿನಲ್ಲಿ ಕಾಣುವ ಬಿಳಿ ಆಕಾರವೇ ನಾಳೆ ದುಂಬಿಯ ಬೆನ್ನಿನಲ್ಲೂ ಕಾಣುವುದು. ಅದು ಅಗಲವಾಗಿ, ಅಂಚು ಮೆತ್ತಗಾಗಿ ಇದ್ದರೆ ಸರಿ. ನಡುವೆ ಕಣ್ಣು ಕುಕ್ಕುವ ಬಿಂದು ಇದ್ದರೆ ಮೊದಲ ಪದರಕ್ಕೆ ಇನ್ನೊಂದು ಫೋಮ್ ತುಂಡು ಸೇರಿಸಿ. ಈ ಪರೀಕ್ಷೆಗೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟವಿಲ್ಲ.

ಒಂದು ವಿಷಯ ಗಮನದಲ್ಲಿರಲಿ. ಫ್ಲ್ಯಾಶ್ ಬೆಳಕು ದೂರ ಹೋದಂತೆ ಬಲು ಬೇಗ ಕುಗ್ಗುತ್ತದೆ. ಕೀಟದ ಹಿಂದೆ ಒಂದು ಮೀಟರ್ ಖಾಲಿ ಇದ್ದರೆ ಹಿನ್ನೆಲೆ ರಾತ್ರಿಯಂತೆ ಕಪ್ಪು. ಅದು ಬೇಡದಿದ್ದರೆ ಹಿಂದೆ 5-10 ಸೆಂ.ಮೀ. ದೂರದಲ್ಲಿ ಎಲೆಯೊಂದು ಬರುವ ಕೋನ ಹುಡುಕಿ. ಕೊಕ್ಕೋ ಎಲೆ, ಕರಿಮೆಣಸಿನ ಎಲೆ ಎರಡೂ ಒಳ್ಳೆಯ ಹಿನ್ನೆಲೆ.

ಕ್ಯಾಮೆರಾ ಹೊಂದಿಸುವುದು

ಮೋಡ್ ಎಂ (ಎಲ್ಲವನ್ನೂ ನಾವೇ ಹೊಂದಿಸುವುದು). ಶಟರ್ 1/200 ಸೆಕೆಂಡ್. ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 200. ಅಪರ್ಚರ್ ಎಫ್ 11 (ಈ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು). ಫ್ಲ್ಯಾಶ್ ಮ್ಯಾನ್ಯುವಲ್, 1/8. ಫೈಲ್ ರಾ (RAW). ಫೋಕಸ್ ಮ್ಯಾನ್ಯುವಲ್. ಇಲ್ಲಿಂದ ಶುರು ಮಾಡಿ, ಚಿತ್ರ ಕಪ್ಪಾದರೂ ತೀರ ಬೆಳ್ಳಗಾದರೂ ಫ್ಲ್ಯಾಶ್ ಪವರನ್ನು ಮಾತ್ರ ಹೆಚ್ಚುಕಡಿಮೆ ಮಾಡಿ.

ಶಟರನ್ನು ಕ್ಯಾಮೆರಾದ ಸಿಂಕ್ ವೇಗಕ್ಕಿಂತ (ಫ್ಲ್ಯಾಶ್ ಜೊತೆ ಹೊಂದುವ ಅತಿ ಹೆಚ್ಚಿನ ಶಟರ್ ವೇಗಕ್ಕಿಂತ) ಮೇಲೆ ಏರಿಸಬಾರದು. ಅದು ಹೆಚ್ಚಿನವುಗಳಲ್ಲಿ 1/200 ಅಥವಾ 1/250, ಕೆಲವದರಲ್ಲಿ 1/160. ಮೀರಿದರೆ ಫೋಟೊದ ಒಂದು ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೊ ತೆಗೆಯಿರಿ: ಪೂರಾ ಕಪ್ಪಾದರೆ ಒಳ್ಳೆಯದು, ಫ್ಲ್ಯಾಶ್ ಒಂದೇ ಚಿತ್ರ ಮಾಡುತ್ತಿದೆ ಎಂದು ಅರ್ಥ. ಕೀಟ ಮಸುಕಾಗಿ ಕಂಡರೆ ಸುತ್ತಲಿನ ಬೆಳಕು ಒಳಗೆ ಬರುತ್ತಿದೆ. ಫ್ಲ್ಯಾಶ್ ಚಿತ್ರದ ಪಕ್ಕದಲ್ಲಿ ನೆರಳಿನಂಥ ಎರಡನೆಯ ಚಿತ್ರ ಮೂಡುವುದು ಇದರಿಂದಲೇ. ತೋಟದ ಒಳಗೆ ಈ ತೊಂದರೆ ಇಲ್ಲ. ಬಿಸಿಲಿನ ಮುರಕಲ್ಲು ಪಾರೆಯಲ್ಲಿ ಐಎಸ್‌ಒ 100ಕ್ಕೆ ಇಳಿಸಿ, ಜೊತೆಗಾರರಿಗೆ ಕೊಡೆ ಹಿಡಿಯಲು ಹೇಳಿ.

ಎಫ್ 11 ಏಕೆ? ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಕಾಗದದಷ್ಟು ತೆಳು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಮ್ಯಾಕ್ರೋ ಲೆನ್ಸೋ ಟ್ಯೂಬೋ ಹಾಕಿ ಎಫ್ 11ರಲ್ಲಿ ತೆಗೆದರೆ 1:2ರಲ್ಲಿ ಸುಮಾರು 2.6 ಮಿ.ಮೀ., 1:1ರಲ್ಲಿ 0.9 ಮಿ.ಮೀ., 2:1ರಲ್ಲಿ 0.3 ಮಿ.ಮೀ. ಮಾತ್ರ ಫೋಕಸಿನಲ್ಲಿರುತ್ತದೆ. ಹಾಗೆಂದು ಎಫ್ 22ಕ್ಕೆ ಹೋದರೆ ಬೆಳಕು ಸಣ್ಣ ಕಿಂಡಿಯಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. 1:1ರಲ್ಲಿ ಲೆನ್ಸಿನ ಎಫ್ 11 ನಿಜದಲ್ಲಿ ಎಫ್ 22ರಂತೆ ವರ್ತಿಸುವುದರಿಂದ ಅದಕ್ಕಿಂತ ಮುಚ್ಚುವುದು ಲಾಭವಲ್ಲ. 2:1ರಲ್ಲಿ ಎಫ್ 8ಕ್ಕೆ ಇಳಿಯಿರಿ. ರೇನಾಕ್ಸ್ ಹಾಕಿದ ಜೂಮಿನ ಲೆಕ್ಕ ಬೇರೆ. ಅಲ್ಲಿ ಎಫ್ ಸಂಖ್ಯೆ ಹಾಗೆ ಕುಗ್ಗುವುದಿಲ್ಲ, ಫೋಕಸಿನ ಪದರ ಮಾತ್ರ ಇನ್ನೂ ತೆಳು. ಆದ್ದರಿಂದ ಎಫ್ 16ರ ವರೆಗೆ ಧೈರ್ಯವಾಗಿ ಹೋಗಬಹುದು.

ಹಿಡಿಯುವ ಕ್ರಮ

ಆಟೋಫೋಕಸ್ ಬೇಡ. ಮೊದಲು ಎಷ್ಟು ದೊಡ್ಡದು ಬೇಕೆಂದು ಲೆನ್ಸಿನಲ್ಲಿ ನಿಗದಿ ಮಾಡಿ, ಆ ರಿಂಗನ್ನು ಮತ್ತೆ ಮುಟ್ಟಬೇಡಿ. ಫೋಕಸ್ ಮಾಡುವುದು ಮೈಯಿಂದ: ವ್ಯೂಫೈಂಡರಿನಲ್ಲಿ ನೋಡುತ್ತ ಮಿ.ಮೀ. ಮಿ.ಮೀ.ಯಾಗಿ ಮುಂದೆ ಸರಿಯಿರಿ, ಕಣ್ಣಿನ ಮೇಲೆ ಸ್ಪಷ್ಟತೆ ಬಂದ ಗಳಿಗೆಗೆ ಒತ್ತಿ. ಕೀಟದ ಕಣ್ಣು ಮಸುಕಾದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಆ ಫೋಟೊ ನಿಲ್ಲುವುದಿಲ್ಲ.

ಕ್ಯಾಮೆರಾ ಗಾಳಿಯಲ್ಲಿ ತೇಲುತ್ತಿರಬಾರದು. ಕುಕ್ಕರಗಾಲಲ್ಲಿ ಕೂತರೆ ಎರಡೂ ಮೊಣಕೈ ಮೊಣಕಾಲಿನ ಒಳಬದಿಗೆ ಒತ್ತಿರಲಿ. ನಿಂತು ತೆಗೆಯುವಾಗ ಭುಜವನ್ನು ಅಡಿಕೆ ಮರಕ್ಕೆ ಒರಗಿಸಿ. ಇನ್ನೊಂದು ಉಪಾಯ ಬಹಳ ಬೆಲೆಬಾಳುವಂಥದ್ದು: ಎಡಗೈಯ ಎರಡು ಬೆರಳಲ್ಲಿ ಕೀಟ ಕೂತ ಕಡ್ಡಿಯ ಬುಡವನ್ನು ಮೆಲ್ಲನೆ ಹಿಡಿದು, ಅದೇ ಕೈಯ ಮಣಿಕಟ್ಟಿನ ಮೇಲೆ ಲೆನ್ಸನ್ನು ಇಡಿ. ಗಾಳಿ ಬಂದರೆ ಕಡ್ಡಿ, ಕೈ, ಕ್ಯಾಮೆರಾ ಮೂರೂ ಒಟ್ಟಿಗೆ ಅಲುಗುತ್ತವೆ, ಅಂತರ ಬದಲಾಗುವುದಿಲ್ಲ. ಕಡ್ಡಿ ಮುಟ್ಟಿದರೆ ಹಾರುವ ಕೀಟವಾದರೆ ನಾಲ್ಕಡಿ ಉದ್ದದ ಬಿದಿರ ಕೋಲನ್ನು ನೆಲಕ್ಕೂರಿ ಲೆನ್ಸಿನ ಜೊತೆ ಎಡಗೈಯಲ್ಲಿ ಹಿಡಿದುಕೊಳ್ಳಿ. ಉಸಿರನ್ನು ಅರ್ಧ ಬಿಟ್ಟು ಒತ್ತಿ. ಮೂರು ನಾಲ್ಕು ಫೋಟೊ ಒಂದೇ ಸಾಲಿಗೆ.

ಕೀಟದ ಮೈಗೆ ಸೆನ್ಸರ್ ಸಮಾನಾಂತರವಾಗಿದ್ದರೆ ಆ ತೆಳು ಪದರದಲ್ಲೇ ತಲೆಯಿಂದ ಬಾಲದ ತನಕ ಕೂರುತ್ತದೆ. ಹಾಗಾಗಿ ಮೊದಲು ಪಕ್ಕದಿಂದ ತೆಗೆದು ಕಲಿಯಿರಿ. ಮುಖದೆದುರಿನ ಫೋಟೊ ಆಮೇಲೆ. ನಿಂತು ಕೆಳಗೆ ನೋಡಿ ತೆಗೆಯುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಡಿ. ಕೀಟದ ಕಣ್ಣಿನ ಮಟ್ಟಕ್ಕೆ ಇಳಿಯದೆ ಅದರ ಮುಖಭಾವ ಸಿಗದು.

ಯಾವಾಗ, ಎಲ್ಲಿ, ಹೇಗೆ ಹತ್ತಿರ ಹೋಗುವುದು

ಬೆಳಗ್ಗೆ ಬಿಸಿಲು ಏರುವ ಮೊದಲು ಕೀಟಗಳ ಮೈ ತಣ್ಣಗಿದ್ದು ಚಲನೆ ನಿಧಾನ. ಕರಾವಳಿಯಲ್ಲಿ ಚಳಿ ಕಡಿಮೆಯಾದ್ದರಿಂದ ಈ ಅವಕಾಶ ಘಟ್ಟದ ಮೇಲಿನಷ್ಟು ಉದ್ದ ಸಿಗುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಮಂಜಿನ ಹನಿ ಕೂತ ಮುಳಿಹುಲ್ಲಿನ ಗುಡ್ಡೆಗೆ ಏಳು ಗಂಟೆಯ ಒಳಗೆ ತಲುಪಬೇಕು. ಸಂಜೆಯೂ ಅಷ್ಟೇ ಒಳ್ಳೆಯದು. ನೀಲಿ ಪಟ್ಟೆಯ ಒಂಟಿ ಜೇನುನೊಣಗಳು ಸಂಜೆಯ ಹೊತ್ತು ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ನಿದ್ದೆಗೆ ಜೋತುಬೀಳುತ್ತವೆ. ಕಲಿಯುವವರಿಗೆ ಇದಕ್ಕಿಂತ ತಾಳ್ಮೆಯ ಕೀಟ ಸಿಗಲಾರದು. ಅವು ದಿನವೂ ಸಾಮಾನ್ಯವಾಗಿ ಅದೇ ಕಡ್ಡಿಗೆ ಬರುತ್ತವೆ, ಆದ್ದರಿಂದ ಕಡ್ಡಿ ಮುರಿಯಬೇಡಿ.

ಆಟಿ ಕಳೆದು ಸೋಣ ತಿಂಗಳು (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ) ಹಿಡಿದಾಗ ಮಳೆ ಬಿಟ್ಟುಬಿಟ್ಟು ಬರುತ್ತದೆ. ಆಗ ಮುರಕಲ್ಲು ಪಾರೆಗಳಲ್ಲಿ ಪುಟ್ಟ ನೀಲಿ, ಬಿಳಿ ಹೂಗಳು ಹಾಸಿರುತ್ತವೆ, ಹಳ್ಳಗಳಲ್ಲಿ ನೀರು ನಿಂತು ಏರೋಪ್ಲೇನ್ ಚಿಟ್ಟೆಗಳು ತುಂಬಿರುತ್ತವೆ. ವರ್ಷದ ಅತಿ ಒಳ್ಳೆಯ ಕಾಲ ಇದೇ. ಏರೋಪ್ಲೇನ್ ಚಿಟ್ಟೆ ಹಾರಿಹೋದರೆ ಬೆನ್ನಟ್ಟಬೇಡಿ, ಅಲ್ಲೇ ಕೂತಿರಿ. ಅದೇ ಕಡ್ಡಿಯ ತುದಿಗೆ ಮರಳಿ ಬರುವುದು ಹೆಚ್ಚಿನವುಗಳ ಸ್ವಭಾವ.

ಹತ್ತಿರ ಹೋಗುವಾಗ ನಿಮ್ಮ ನೆರಳು ಕೀಟದ ಮೇಲೆ ಬೀಳಬಾರದು. ಅಡ್ಡಡ್ಡ ಚಲನೆ ಕೀಟಕ್ಕೆ ಬೇಗ ಕಾಣುತ್ತದೆ, ನೇರ ಮುಂದೆ ಸರಿಯುವುದು ಅಷ್ಟಾಗಿ ಕಾಣದು. ಹಾಗಾಗಿ ದೂರದಲ್ಲೇ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಮತ್ತೆ ಕೈ ಎತ್ತದೆ ನೆಟ್ಟಗೆ ಮುಂದೆ ಹೋಗಿ. ಮೊದಲ ಫೋಟೊವನ್ನು ಸ್ವಲ್ಪ ದೂರದಿಂದ ತೆಗೆಯಿರಿ. ಫ್ಲ್ಯಾಶಿಗೆ ಬೆದರಿ ಓಡದಿದ್ದರೆ ಇನ್ನೂ ಹತ್ತಿರ.

ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆ ಗೇರು, ಮಾವಿನ ಮರಗಳಲ್ಲಿ ಧಾರಾಳ. ಓಡುತ್ತಿರುವಾಗ ಅದನ್ನು ಹಿಡಿಯಲು ಹೆಣಗಬೇಡಿ. ಕ್ಯಾಮೆರಾ ಹತ್ತಿರ ಬಂದಾಗ ಕೆಲವು ಬಾಯಿ ತೆರೆದು ಮೈ ಎತ್ತಿ ನಿಂತುಬಿಡುತ್ತವೆ, ಆ ಗಳಿಗೆ ನಿಮ್ಮದು. ಮರಕ್ಕೆ ಮೈ ತಾಗಿಸಬಾರದು, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸಿ ಉರಿ ಎಬ್ಬಿಸುತ್ತವೆ. ಅವುಗಳ ಸಾಲಿನ ಬಳಿ ಚಗಳಿಯಂತೆಯೇ ಕಾಣುವ ಒಂದು ಜೇಡವೂ ಇರುತ್ತದೆ. ಕಾಲು ಎಂಟು, ಎದುರಿಗೆ ಎರಡು ದೊಡ್ಡ ಕಣ್ಣು, ಬೆದರಿದರೆ ನೂಲು ಬಿಟ್ಟು ಕೆಳಗಿಳಿಯುತ್ತದೆ. ಅದು ಸಿಕ್ಕರೆ ಆ ದಿನ ಬೇರೆ ಏನನ್ನೂ ಹುಡುಕಬೇಕಾಗಿಲ್ಲ.

ಕೊಳೆರೋಗಕ್ಕೆ ಮಳೆಗಾಲದ ಮೊದಲು, ಮತ್ತೆ ನಡುವೆ, ತೋಟಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಆಗ ಕೆಳಗಿನ ಎಲೆಗಳ ಮೇಲೆ ಬಿಳಿ-ನೀಲಿ ಚುಕ್ಕೆ ಕೂತು ಫ್ಲ್ಯಾಶಿನಲ್ಲಿ ಹೊಳೆಯುತ್ತವೆ, ಚಿತ್ರ ಕೊಳಕಾಗುತ್ತದೆ. ಮದ್ದು ಬಿಟ್ಟ ದಿನ ತೋಟಕ್ಕೆ ಹೋಗಲೇ ಬೇಡಿ. ಹನಿ ಲೆನ್ಸಿಗೆ ಬಿದ್ದು ಒಣಗಿದರೆ ಒರೆಸುವಾಗ ಗೀರುತ್ತದೆ. ಬೇರೆಯವರ ತೋಟವಾದರೆ ಕೇಳಿಯೇ ಒಳಗೆ ಹೋಗಿ, ರಾಣಿಪುರದಂಥ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗೇರು ತೋಪಿನ ತರಗೆಲೆಯಲ್ಲಿ ಮೊಣಕಾಲೂರುವ ಮೊದಲು ಕೋಲಿನಿಂದ ಒಮ್ಮೆ ಸರಿಸಿ ನೋಡಿ, ಮಂಡಲದ ಹಾವು ಎಲೆಯ ಬಣ್ಣದಲ್ಲೇ ಇರುತ್ತದೆ. ಗಂಬೂಟು ಹಾಕಿದರೆ ಇಂಬಳಕ್ಕೂ ಆಯಿತು.

ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತೆಗೆಯುವವರಿದ್ದಾರೆ, ಅಂಟು ಹಚ್ಚುವವರೂ ಇದ್ದಾರೆ. ಅದು ಹಿಂಸೆ. ಅಂಥ ಫೋಟೊದಲ್ಲಿ ಕಾಲುಗಳು ನಿಲ್ಲುವ ರೀತಿಯೇ ಅದನ್ನು ಹೇಳಿಬಿಡುತ್ತದೆ.

ಫೋಟೊ ಏಕೆ ಕೆಟ್ಟಿತು

ದೊಡ್ಡ ಪರದೆಯಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ. ಕಣ್ಣು ಮಸುಕಾಗಿ ಎದೆಯೋ ರೆಕ್ಕೆಯ ಬುಡವೋ ಸ್ಪಷ್ಟವಾಗಿದ್ದರೆ, ಒತ್ತುವಾಗ ನೀವು ಮುಂದೆ ವಾಲಿದ್ದೀರಿ. ಬಹುಪಾಲು ಜನರಿಗೆ ಆಗುವುದು ಇದೇ. ಕಣ್ಣು ಪೂರ್ತಿ ಸ್ಪಷ್ಟವಾಗುವುದಕ್ಕೆ ಒಂದು ಕೂದಲೆಳೆ ಮೊದಲೇ ಒತ್ತಿ. ಮೀಸೆ ಮಾತ್ರ ಸ್ಪಷ್ಟವಾಗಿದ್ದರೆ ಉಲ್ಟಾ, ಹಿಂದೆ ಜಾರಿದ್ದೀರಿ. ಎಲ್ಲಿಯೂ ಏನೂ ಸ್ಪಷ್ಟವಿಲ್ಲದಿದ್ದರೆ ಎರಡು ಸಾಧ್ಯತೆ: ಅಪರ್ಚರ್ ತುಂಬ ಮುಚ್ಚಿದೆ, ಇಲ್ಲವೇ ಲೆನ್ಸಿನ ಮೇಲೆ ಹಬೆ ಕೂತಿದೆ. ಎಸಿ ಕೋಣೆಯಿಂದಲೋ ಕಾರಿನಿಂದಲೋ ಹೊರಗೆ ತಂದ ಕ್ಯಾಮೆರಾವನ್ನು ಚೀಲದೊಳಗೇ ಅರ್ಧ ಗಂಟೆ ಬಿಟ್ಟು ತೆರೆದರೆ ಹಬೆ ಹಿಡಿಯುವುದಿಲ್ಲ.

ಕೀಟದ ಕೆಳಭಾಗ ಕಪ್ಪಾಗಿದ್ದರೆ ಬೆಳಕೆಲ್ಲ ಮೇಲಿನಿಂದಲೇ ಬಂದಿದೆ. ಬಿಳಿ ಕಾಗದದ ತುಂಡೊಂದನ್ನು ಎಲೆಯ ಕೆಳಗೆ ಹಿಡಿಯಿರಿ.

ಒಂದೇ ಫೋಟೊದಲ್ಲಿ ಇಡೀ ತಲೆ ಸ್ಪಷ್ಟವಾಗದಾಗ ಐದಾರು ಫೋಟೊ ಸೇರಿಸಬಹುದು: ಮೀಸೆಯ ತುದಿಯಿಂದ ಶುರು ಮಾಡಿ ಒತ್ತುತ್ತಲೇ ಮೆಲ್ಲನೆ ಮುಂದೆ ಸರಿದು, ಹೆಲಿಕಾನ್ ಅಥವಾ ಜೆರೀನ್ ಎಂಬ ಸಾಫ್ಟ್‌ವೇರಿನಲ್ಲಿ ಒಂದಾಗಿಸುವುದು. ಮಲಗಿದ ಕೀಟಕ್ಕೆ ಮಾತ್ರ ಇದು ಹೊಂದುತ್ತದೆ. ಒಂದು ಫೋಟೊದಲ್ಲಿ ಕಣ್ಣನ್ನು ಸರಿಯಾಗಿ ಹಿಡಿಯಲು ಬರುವ ತನಕ ಇದಕ್ಕೆ ಕೈ ಹಾಕಬೇಡಿ.

ಮಳೆಗಾಲದಲ್ಲಿ ಲೆನ್ಸಿನ ಕಾಳಜಿ

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ಲೆನ್ಸಿಗೆ ದೊಡ್ಡ ಶತ್ರು ಬೂಸ್ಟು. ಬಟ್ಟೆಯ ಚೀಲದಲ್ಲಿ, ಮರದ ಕಪಾಟಿನಲ್ಲಿ ಇಟ್ಟ ಲೆನ್ಸಿನ ಗಾಜಿನ ಒಳಗೆ ಒಂದೇ ಮಳೆಗಾಲದಲ್ಲಿ ಬಲೆಯಂತೆ ಹಬ್ಬುತ್ತದೆ, ಹಬ್ಬಿದ್ದನ್ನು ತೆಗೆಸುವ ಖರ್ಚು ಸಾಧಾರಣವಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ 250 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ ಇರಲಿ. ಸೂಚಿ ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. 60 ದಾಟಿದರೆ ಜೆಲ್ ಒಣಗಿಸುವ ಹೊತ್ತಾಯಿತು. ಅಕ್ಕಿಯಲ್ಲಿ ಹೂತಿಡಬೇಡಿ, ತೌಡಿನ ಪುಡಿ ಲೆನ್ಸಿನ ಸಂದಿಗೆ ಇಳಿಯುತ್ತದೆ.

ನೀಲಿ ಜೆಲ್ ತೇವ ಹೀರಿದಾಗ ಗುಲಾಬಿಯಾಗುತ್ತದೆ. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಗೆ ತಿರುಗುತ್ತದೆ, ಆದರೆ ಆ ನೀಲಿ ಬಣ್ಣದ ಕೋಬಾಲ್ಟ್ ವಿಷ. ಅದಕ್ಕೆ ಬೇರೆಯೇ ಹಳೆಯ ಬಾಣಲೆ ಇಡಿ, ಅಡಿಗೆಯದು ಬೇಡ. ಮಕ್ಕಳಿರುವ ಮನೆಯಾದರೆ ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ಮಳೆಯಲ್ಲಿ ತೆಗೆದು ಬಂದ ದಿನ ಡಿಫ್ಯೂಸರನ್ನು ಬಿಚ್ಚಿ ಫ್ಯಾನಿನ ಕೆಳಗೆ ಒಣಗಿಸಿ, ಫ್ಲ್ಯಾಶಿನ ಸೆಲ್ ಹೊರಗೆ ತೆಗೆದಿಡಿ.

ಹೆಸರು ಹುಡುಕುವುದಕ್ಕೆ

ಸುಂದರ ಫೋಟೊ ಒಂದರಿಂದ ಕೀಟದ ಹೆಸರು ಸಿಗುವುದು ಅಪರೂಪ. ಬೆನ್ನು, ಪಕ್ಕ, ಮುಖ ಮೂರೂ ಕಡೆಯಿಂದ, ಚಿಟ್ಟೆಯಾದರೆ ರೆಕ್ಕೆಯ ಕೆಳಮೈಯನ್ನೂ ತೆಗೆಯಿರಿ. ಕೂತ ಗಿಡದ ಎಲೆ, ಹೂವಿನ ಒಂದು ಫೋಟೊ ಬೇರೆ. ದಿನಾಂಕ, ಊರು, ಗಿಡದ ಹೆಸರು ಸೇರಿಸಿ ಐನ್ಯಾಚುರಲಿಸ್ಟ್ ಜಾಲತಾಣಕ್ಕೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣಕ್ಕೋ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ತೆಂಗಿನ ಕುರುವಾಯಿ ದುಂಬಿ, ಕೆಂಪು ಮೂತಿ ಹುಳು, ಗೇರಿನ ಚಿಗುರು ಒಣಗಿಸುವ ಟೀ ಸೊಳ್ಳೆಯಂಥವು ಸಿಕ್ಕರೆ ಹಾನಿಯಾದ ಎಲೆ-ಚಿಗುರಿನ ಫೋಟೊವನ್ನೂ ಜೊತೆಗೆ ತೆಗೆದುಕೊಳ್ಳಿ. ಕೃಷಿಭವನದಲ್ಲಿ ತೋರಿಸಲು ಅದು ನೇರ ಉಪಯೋಗಕ್ಕೆ ಬರುತ್ತದೆ.